ಜಾಜಿಬಾಯಿಯ ಅರ್ಧ ತಾಸು

೨೦ ಜೂನ್ ೧೯೪೬, ಗುರುವಾರ. ಗೋಕಾಕ

ಬ್ಯಾಟರಿ ಇನ್ನೂ ಬಂದಿಲ್ಲ. ಐದು ಬಾರಿಸಲು ಬಂತು. ಬಂದಗಿಸಾಬ ಚಾಚಾ ಬಾಗಿಲಿಗೂ ಡಬ್ಬಿಗೂ ನಡುವೆ ಓಡಾಡುತ್ತಿದ್ದಾರೆ. ನಾನು ಹೊಲಿಗೆ ಮಷೀನಿನ ಮುಂದೆ ಕುಳಿತು ಇದನ್ನು ಗೀಚುತ್ತಿದ್ದೇನೆ. ಕೈಗೆ ಕೆಲಸವಿಲ್ಲದಿದ್ದರೆ ಕಾಲು ಕುಣಿಯುತ್ತದೆ. ಒಳಗಿಂದ ಸುಲ್ತಾನಾಬಿ ಚಾಚಿ ಬೈದರು — "ಬರೇ ತುಳ್ಯಾಕತ್ತೀಯಲ್ಲ ಬೇಟಿ, ಅರಿವಿ ಎಲ್ಲೈತಿ? ಮಷೀನ ಮುರದ ಹೋಗ್ತೈತಿ."

ರೆಕಾರ್ಡು ತೆಗೆದಿಟ್ಟಾಗಿದೆ. ಎರಡು ಟ್ರಂಪೆಟ್, ಒಂದು ಪಿಯಾನೋ, ಒಂದು ಹೆಣ್ಣುದನಿ. ಕಡೆಯದು ಮಾಲಿಂಗಪ್ಪ ಅಸ್ಸಾಮಿನಿಂದ ತಂದದ್ದು. ಅಂಚು ಒಡೆದಿದೆ. ಸೂಜಿ ಸ್ವಲ್ಪ ಒಳಗೆ ಇಡಬೇಕು...

ಬಸ್ಸಿನ ಹಾರ್ನ್! ಬಂದ.

ಅದೇ ದಿನ, ಮನೆ

ಆಯಿತು. ತಡವಾಗಿ, ಆದರೂ ಆಯಿತು. ಬಸ್ಸಿನ ಡ್ರೈವರ್ ಮಾಲಿಂಗಪ್ಪ ಅದರ ಬ್ಯಾಟರಿಯನ್ನೇ ಬಿಚ್ಚಿ ಎದೆಗೆ ಅವಚಿಕೊಂಡು ಓಡಿ ಬಂದ. ಮೂಡಲಗಿಯಿಂದ ಬಂದ ಪ್ಯಾಸೆಂಜರುಗಳು ಮುಂದಿನ ಊರಿಗೆ ಹೋಗಬೇಕಾದವರು, ಸ್ಟ್ಯಾಂಡಿನಲ್ಲೇ ಇದ್ದಾರೆ.

"ಏನಂತ ಹೇಳಿ ಬಂದೀರಿ?" ಅಂದೆ.

"ಇಂಜಿನ್ ಕಾದೈತಿ, ಅರ್ಧಾ ತಾಸು ಚಹಾ ಕುಡೀರಿ ಅಂತ ಹೇಳೇನ್ರಿ ಅಕ್ಕಾರ. ಬಡಬಡ ಹಚ್ರಿ."

ಒಮ್ಮೊಮ್ಮೆ ನನಗೇ ನಂಬಿಕೆಯಾಗುವುದಿಲ್ಲ. ಹುಕ್ಕೇರಿಯ ಜೈನರ ಮಗಳು, ಗಂಡ ಸತ್ತು ಅಣ್ಣನ ಮನೆ ಸೇರಿದವಳು, ಹೊಲಿಗೆ ಕಲಿಯುವ ನೆವದಲ್ಲಿ ಪ್ರತಿ ಗುರುವಾರ ಇಲ್ಲಿಗೆ ಬಂದು ಗೋಕಾಕಕ್ಕೆ ಜಾಜ್ ಕೇಳಿಸುತ್ತೇನೆ. ಮುಂಬೈಯಲ್ಲಿ ನನ್ನ ಯಜಮಾನರು ರೆಕಾರ್ಡಿನ ಅಂಗಡಿಯಲ್ಲಿದ್ದರು. ನಮ್ಮ ಚಾಳಿನ ಕೆಳಗೆ ಗೋವೆಯ ಬ್ಯಾಂಡಿನವರು. ಬೆಳಿಗ್ಗೆಯೆಲ್ಲ ಟ್ರಂಪೆಟ್ಟಿನ ತಾಲೀಮು. ಮೊದಲು ತಲೆನೋವು, ಆಮೇಲೆ ಅದಿಲ್ಲದೆ ಬೆಳಗಾಗದು. ಅವರು ಟೈಫಾಯ್ಡಿನಲ್ಲಿ ಹೋದ ಮೇಲೆ ಗ್ರಾಮಾಫೋನು ಮತ್ತು ರೆಕಾರ್ಡಿನ ಪೆಟ್ಟಿಗೆ ಹೊತ್ತು ಊರಿಗೆ ಬಂದೆ. ಸೂಜಿ ಕೊಳ್ಳಲು ಬಂದಗಿಸಾಬ ಚಾಚಾನ ಅಂಗಡಿಗೆ ಹೋದದ್ದೇ ಶುರು. ಚಾಚಾ ರೇಡಿಯೋ ರಿಪೇರಿ ಮಾಡುತ್ತಾರೆ, ಮದುವೆಗಳಿಗೆ ಲೌಡ್‌ಸ್ಪೀಕರಿನ ಹಾರ್ನ್ ಬಾಡಿಗೆಗೆ ಕೊಡುತ್ತಾರೆ, ಮನೆತನದ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುತ್ತಾರೆ. ಒಂದು ರೆಕಾರ್ಡು ಹಚ್ಚಿ ಕೇಳಿದವರು ಮತ್ತೊಂದು ತರಲು ಹೇಳಿದರು. ಅಲ್ಲೇ ಮಾಲಿಂಗಪ್ಪ ಕುಳಿತಿದ್ದ. ಯುದ್ಧದಲ್ಲಿ ಲಾರಿ ಹೊಡೆದು ಅಮೆರಿಕದ ಸಿಪಾಯಿಗಳ ಜೊತೆ ಇದೇ ಹಾಡು ಕೇಳಿ ಬಂದವನು. ರೆಕಾರ್ಡಿನ ಜೊತೆಗೇ ಸಿಳ್ಳೆ ಹಾಕಿದ.

ಡಬ್ಬಿ ಚಾಚಾನ ಕೈಕೆಲಸ. ಮಿಲಿಟರಿ ಹರಾಜಿನ ಸಾಮಾನು. ರೆಕಾರ್ಡಿನ ಸಪ್ಪಳವನ್ನು ಬೇವಿನ ಮರಕ್ಕೆ ಕಟ್ಟಿದ ತಂತಿಯಿಂದ ಗಾಳಿಗೆ ಬಿಡುತ್ತದೆ. ಊರೊಳಗಿನ ರೇಡಿಯೋಗಳು ಹಿಡಿಯುತ್ತವೆ — ಡಾಕ್ಟರರದು, ವಕೀಲರದು, ಪೇಟೆಯ ಚಹಾದಂಗಡಿಯದು. ಹೊಳೆ ದಾಟುವುದಿಲ್ಲ. ಲೈಸೆನ್ಸ್ ಇಲ್ಲ.

ಮನೆಗೆ ಓಡಿ ಬಂದೆ. ಹೊತ್ತು ಮುಳುಗುವುದರೊಳಗೆ ಊಟ. ವೈನಿ — ಅಣ್ಣನ ಹೆಂಡತಿ — ಕೇಳಿದರು, "ಏನ ಹೊಲದಿ?" ತೋಳು, ಅಂದೆ. ಯಾವ ತೋಳೋ.

೨೭ ಜೂನ್, ಗುರುವಾರ

ಇಂದು ಮಾಲಿಂಗಪ್ಪ ಮೊದಲೇ ಬಂದ. ತಲೆ ಕೆರೆಯುತ್ತ ನಿಂತ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವು ಮಾತಾಡೂದು ಬಸದ್ಯಾಗ ಪಂಡಿತರು ಶಾಸ್ತ್ರ ಓದಿದಂಗ ಆಕ್ಕೈತಿ. ಹೋದ ವಾರ ಚಹಾದಂಗಡ್ಯಾಗ ಇಬ್ಬರು ಎದ್ದ ಹೋದ್ರಂತ."

ಮುಖ ಕೆಂಪಾಯಿತು. "ಹಂಗಾರ ಹೆಂಗ ಮಾತಾಡ್ಲಿ?"

"ಈಗ ನನ್ನ ಜೋಡಿ ಸಿಟ್ಟೀಲೆ ಮಾತಾಡಿದ್ರಲ್ಲ, ಹಂಗ."

ಬರೆದುಕೊಂಡು ಬಂದ ಕಾಗದವನ್ನು ಮಡಚಿಟ್ಟೆ. ಚಾಚಾ ಕೈ ಎತ್ತಿದರು. ಟೆಲಿಫೋನಿನಿಂದ ಬಿಚ್ಚಿ ಡಬ್ಬಿಗೆ ಹಚ್ಚಿದ ಮೈಕನ್ನು ಹತ್ತಿರ ಹಿಡಿದು ಬಂದದ್ದೇ ಹೇಳಿದೆ — "ಇದು ಜಾಜ್ ನೋಡ್ರಿ. ಮೊದಲ ಎಲ್ಲಾರೂ ಕೂಡಿ ಒಂದು ಹಾಡು ಹೇಳ್ತಾರ. ಆಮ್ಯಾಲ ಒಬ್ಬಂವ ಮನಿ ಬಿಟ್ಟು ಹೊರಗ ಹೋಗ್ತಾನ. ಎಲ್ಲೆಲ್ಲೋ ತಿರಗ್ತಾನ. ಉಳದಾವ್ರು ಹಾದಿ ಕಾಯ್ತಾರ. ಕಡೀಕ ಎಲ್ಲಾರೂ ಕೂಡೇ ಮನಿಗೆ ಬರ್ತಾರ. ಅಂವ ಹಾದಿ ತಪ್ಪತಾನಂತ ಅಂಜಬ್ಯಾಡ್ರಿ. ತಪ್ಪೂದಿಲ್ಲ."

ನನ್ನ ಹೆಸರು ಹೇಳಲಿಲ್ಲ. ಹೇಳುವಂತಿಲ್ಲ.

೨೯ ಜೂನ್

ಚಹಾದಂಗಡಿಯವರಿಗೆ 'ಜಾಜ್' ಅಂದದ್ದು 'ಜಾಜಿ' ಅಂತ ಕೇಳಿದೆ. ಚಾಚಿಗೂ ಹಾಗೇ — "ಇದೇನ್ ಜಾಜಿ ಹೂವಿನ ಹಾಡೇನು?" ಎಂದು ಮೊದಲೇ ಕೇಳಿದ್ದರು. ಈಗ ಪೇಟೆಯಲ್ಲಿ ನನಗೊಂದು ಹೆಸರಿದೆಯಂತೆ. ಜಾಜಿಬಾಯಿ! ಮಾಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ದಾರಿಯಲ್ಲಿ ಬರುವಾಗ ನಗು ನಿಂತಿತು, ಸೆರಗು ತಲೆಯ ಮೇಲೆ ಎಳೆದುಕೊಂಡೆ.

೧೨ ಜುಲೈ, ಶುಕ್ರವಾರ

ಟಪಾಲಿನವರು ಕೆಲಸ ನಿಲ್ಲಿಸಿ ಸಂಪು ಹೂಡಿದ್ದಾರೆ. ನಿನ್ನೆಯಿಂದ ಕಾಗದವಿಲ್ಲ, ತಾರಿಲ್ಲ. ಅಣ್ಣ ಜವಳಿ ಅಂಗಡಿಯಲ್ಲಿ ಕೈ ಕಟ್ಟಿ ಕುಳಿತಿದ್ದಾನೆ. ಮುಂಬೈ ಪೇಟೆಯ ಸುದ್ದಿಯೇ ತಿಳಿಯದು. ಸಂಜೆ ಕೂಲಿಯವನ ತಲೆಯ ಮೇಲೆ ಒಂದು ಪೆಟ್ಟಿಗೆ ಹೊರಿಸಿಕೊಂಡು ಬಂದ.

ರೇಡಿಯೋ. ನಮ್ಮ ಮನೆಗೆ.

ವೈನಿ ಕುಂಕುಮ ಹಚ್ಚಿದರು. ಸುಂದ್ರಾ — ಅಣ್ಣನ ಮಗಳು, ಸುಂದ್ರವ್ವ — ಸುತ್ತ ಕುಣಿದಳು. ಅಣ್ಣ ಕೀಲಿ ತಿರುಗಿಸುತ್ತ ಹೇಳಿದ, "ರಾಜೀ, ಗುರುವಾರ ಐದಕ್ಕ ಜಾಜಿಬಾಯಿ ಅಂತ ಒಬ್ಬಾಕಿ ಬರ್ತಾಳಂತ. ಊರ ಮಂದೆಲ್ಲಾ ಅದನ್ನ ಮಾತಾಡಾಕತ್ತಾರ. ಹೊಲಿಗಿ ಒಂದ ದಿನ ಬಿಡು. ಎಲ್ಲಾರೂ ಕುಂತ ಕೇಳೂಣು."

"ಚಾಚಿ ಕುಬಸ ಮುಗಸಬೇಕಣ್ಣಾ."

"ನಿನ್ನ ಹಣೇಬರಾ," ಅಂದ. ನಕ್ಕ.

ನಿದ್ದೆ ಬರಲಿಕ್ಕಿಲ್ಲ.

೧೯ ಜುಲೈ, ಶುಕ್ರವಾರ

ನಿನ್ನೆ ಬಾಯಿಯಲ್ಲಿ ಉಗುಳಿರಲಿಲ್ಲ. ಅಣ್ಣ ಕುಳಿತಿದ್ದಾನೆ, ವೈನಿ ಕುಳಿತಿದ್ದಾರೆ, ಸುಂದ್ರಾ ಕುಳಿತಿದ್ದಾಳೆ — ಇದೇ ತಲೆಯಲ್ಲಿ. ಎರಡನೆಯ ರೆಕಾರ್ಡಿನ ಮುಂಚೆ ಕೆಮ್ಮು ಬಂತು. ತಡೆಯಲಾಗಲಿಲ್ಲ. ಕೆಮ್ಮಿದ ಮೇಲೆ "ಮಳಿಗಾಲ, ಏನ ಮಾಡೂದ್ರಿ," ಅಂದುಬಿಟ್ಟೆ. ಚಾಚಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಮನೆಗೆ ಬಂದರೆ ಅಣ್ಣ ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದ. "ನೀ ಕೇಳಬೇಕಿತ್ತ ನೋಡು! ಸಂಗೀತ ನನಗ ಅರ್ಧಾ ತಿಳಿಯೂದಿಲ್ಲ. ಆದ್ರ ಆ ಹೆಣ್ಮಗಳು ಹೇಳಿದ ಮ್ಯಾಲ ಕೇಳಬೇಕ ಅನಸ್ತೈತಿ. ನಮ್ಮ ಕಡೆ ಮಾತು ಮಾತಾಡ್ತಾಳ. ಆದ್ರ ಮುಂಬೈದಾಕಿನ ಇರಬೇಕು. ಇಲ್ಲ್ಯಾವ್ರಿಗೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು?"

ನನ್ನನ್ನು ನೋಡಿಯೇ ಹೇಳಿದ. ಕಣ್ಣಿಗೆ ಕಾಣಲೇ ಇಲ್ಲ ನಾನು. ಖುಷಿಯೋ, ಸಂಕಟವೋ ತಿಳಿಯದೆ ತಟ್ಟೆ ಹಾಕಲು ಒಳಗೆ ಹೋದೆ.

ವೈನಿ ಮಾತ್ರ, ತಟ್ಟೆಗೆ ರೊಟ್ಟಿ ಹಾಕುವಾಗ ಒಮ್ಮೆ ನನ್ನ ಗಂಟಲು ನೋಡಿದರು.

೮ ಆಗಸ್ಟ್, ಗುರುವಾರ

ಸಂಪು ಮುಗಿಯಿತು. ಈಗ ಕಾಗದ ಬರುತ್ತವೆ, ಆದರೂ ಜನ ಜಾಜಿಬಾಯಿಗೆ ಬರೆದ ಚೀಟಿಯನ್ನು ಚಹಾದಂಗಡಿಯಲ್ಲೇ ಕೊಡುತ್ತಾರೆ. ಹೆಣ್ಣುದನಿಯ ಹಾಡು ಮತ್ತೊಮ್ಮೆ ಹಚ್ಚಿ ಎಂದು ಡಾಕ್ಟರರ ಹೆಂಡತಿ. ಡೋಲು ಬಡಿಯುವವನ ಹೆಸರೇನು ಎಂದು ಒಬ್ಬ ಹಲಗೆ ಬಾರಿಸುವವನು. ಚಾಚಾ ಇಂದು ರೆಕಾರ್ಡಿನ ಜೊತೆಗೇ ಕ್ಲಾರ್ನೆಟ್ ಊದಿದರು. ಮೊದಲು ಅಂಜುತ್ತ, ಆಮೇಲೆ ಕಣ್ಣು ಮುಚ್ಚಿ. ರೆಕಾರ್ಡು ಮುಗಿದರೂ ನಿಲ್ಲಿಸಲಿಲ್ಲ. ಮಾಲಿಂಗಪ್ಪ ಬ್ಯಾಟರಿ ಬಿಚ್ಚಲು ಕೈ ಹಾಕಿದವನು ಹಿಂದೆ ತೆಗೆದ. ಸ್ಟ್ಯಾಂಡಿನಲ್ಲಿ ಪ್ಯಾಸೆಂಜರುಗಳು ಬಸ್ಸಿನ ರಬ್ಬರ್ ಹಾರ್ನ್ ಹೊಡೆಯುತ್ತಿದ್ದರಂತೆ.

೨೩ ಆಗಸ್ಟ್

ಪೇಪರಿನಲ್ಲಿ ಕಲಕತ್ತೆಯ ಹಿಂದೂ-ಮುಸ್ಲಿಂ ಗಲಭೆಯ ಸುದ್ದಿ. ಓದಲಾಗದು. ಅಣ್ಣ ಹೇಳಿದ, "ಪ್ಯಾಟ್ಯಾಗ ಮಂದಿ ಒಂದ ನಮೂನಿ ಮಾತಾಡಾಕತ್ತಾರ. ಸಾಬರ ಓಣಿಗೆ ಹೋಗೂದು ಸ್ವಲ್ಪ ಕಡಿಮಿ ಮಾಡು."

"ಚಾಚಿ ಏನ ಮಾಡ್ಯಾರ ನಮಗ?"

"ಅವರೇನೂ ಮಾಡಿಲ್ಲ. ಮಂದಿ ಬಾಯಿ ಬಗ್ಗೆ ಹೇಳಾಕತ್ತೇನಿ."

ಅವನು ಅಂಗಡಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ವೈನಿ ಶುಂಠಿ ಜಜ್ಜುತ್ತ ಕುಳಿತಿದ್ದರು. ಬೆಲ್ಲದ ಜೊತೆ ಉಂಡೆ ಕಟ್ಟಿ ನನ್ನ ಕೈಯಲ್ಲಿಟ್ಟರು.

"ಜಾಜಿಬಾಯಿಗೆ ಕೊಡು. ಕೆಮ್ಮು ಇನ್ನೂ ಹೋಗಿಲ್ಲ ಆಕೀದು."

ಬಾಗಿಲ ಕಡೆ ನೋಡಿದೆ. ವೈನಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಳ್ಳೇದ ಮಾತಾಡ್ತಿ. ನಾನೂ ಕೇಳ್ತೇನಿ. ಆದ್ರ ಸಂಕೇಶ್ವರದಾಗಿಂದ ಸುಂದ್ರಾನ ನೋಡಾಕ ಬರಾವ್ರದಾರ. ಈ ಸುದ್ದಿ ಅವರ ಕಿವಿಗೆ ಬಿದ್ರ ಏನಾಕ್ಕೈತಿ, ನೀನ ಹೇಳು. ನನ್ನ ಮಗಳ ಲಗ್ನ ಆಗೂತನ ಬಿಡು ರಾಜಮತಿ. ಕೈ ಮುಗೀತೇನಿ."

  ಉಂಡೆ ಕೈಯಲ್ಲೇ ಕರಗಿತು.

೫ ಸೆಪ್ಟೆಂಬರ್, ಗುರುವಾರ

ದಶಲಕ್ಷಣ ಪರ್ವ, ಹತ್ತು ದಿನದ ವ್ರತ. ಒಪ್ಪತ್ತು. ಚಾಚಾನ ಕಡೆ ಹೋದ ವಾರವೂ ಹೋಗಲಿಲ್ಲ, ಈ ವಾರವೂ ಇಲ್ಲ. ಬಸದಿಯಲ್ಲಿ ಕುಳಿತೆ. ಮನಸ್ಸು ನಿಲ್ಲಬೇಕು. ಗಂಟೆ ಬಾರಿಸಿತು, ಇನ್ನೊಂದು ಅದಕ್ಕೆ ಅರೆಕ್ಷಣ ತಡವಾಗಿ ಬಾರಿಸಿತು — ಕಾಲ್ಬೆರಳು ತಾಳ ಹಿಡಿಯಿತು. ಪಕ್ಕದ ಅಜ್ಜಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಅದುಮಿದರು.

ಮನೆಯಲ್ಲಿ ಅಣ್ಣ: "ಜಾಜಿಬಾಯಿ ಎಲ್ಲಿ ಹೋದ್ಳೋ." ವೈನಿ ನಿರಾಳವಾಗಿ ಹೂ ಕಟ್ಟುತ್ತಿದ್ದಾರೆ. ಸಂಕೇಶ್ವರದವರು ಹದಿನೈದಕ್ಕೆ, ರವಿವಾರ ಬರುತ್ತಾರಂತೆ.

ಒಮ್ಮೆ ಹೋಗಬೇಕು. ಹೇಳಿ ಬಿಡಬೇಕು. ಹೇಳದೆ ಬಿಡುವುದು ಸರಿಯಲ್ಲ. ಪರ್ವ ಮುಗಿದ ಮೇಲೆ ಒಂದೇ ಒಂದು ಗುರುವಾರ.

೧೨ ಸೆಪ್ಟೆಂಬರ್, ಗುರುವಾರ. ಸಂಜೆ

 ಇಂದೇ ಬರೆದಿಡಬೇಕು.

ಮೂರನೆಯ ರೆಕಾರ್ಡು ತಿರುಗುತ್ತಿತ್ತು. ಅದು ಮುಗಿದ ಮೇಲೆ ಹೇಳುವುದೆಂದು ಇಟ್ಟುಕೊಂಡಿದ್ದೆ, ಇದೇ ಕಡೆಯ ಸಲ ಎಂದು. ಬಾಗಿಲು ಬಡಿದರು. ಮಾಲಿಂಗಪ್ಪನೆಂದು ಚಾಚಾ ತೆಗೆದರು. ಪೊಲೀಸ್ ಠಾಣೆಯ ಜಮಾದಾರ, ಅವನ ಹಿಂದೆ ಟೋಪಿ ಹಾಕಿದ ಒಬ್ಬ ಸಾಹೇಬ. ಬೆಳಗಾವಿಯಿಂದ ಬಂದ ಟಪಾಲಿನ ಇನ್ಸ್‌ಪೆಕ್ಟರ್. ಚಾಚಿ ನನ್ನ ರಟ್ಟೆ ಹಿಡಿದು ಒಳಗೆ ಎಳೆದರು. ಪರದೆಯ ಹಿಂದೆ ಇಬ್ಬರೂ ನಿಂತೆವು. ರೆಕಾರ್ಡು ಹಾಡುತ್ತಲೇ ಇತ್ತು.

"ಇಲ್ಲಿ ಮಾತಾಡೋ ಹೆಂಗಸು ಯಾರು?" ಸಾಹೇಬನ ದನಿ.

"ನನ್ನ ಹೆಂಡ್ತಿರಿ," ಚಾಚಾ ಅಂದರು.

"ಕರೀರಿ. ಒಂದು ಮಾತು ಆಡಲಿ."

ಚಾಚಿ ನನ್ನ ಕೈ ಬಿಟ್ಟರು. ಪರದೆಯ ಅಂಚು ಹಿಡಿದು, ಮುಖ ತೋರಿಸದೆ, ಗಟ್ಟಿಯಾಗಿ ಹೇಳಿದರು, "ಮೈಂಚ್ ಜಾಜಿಬಾಯಿ. ನಾನ ನೋಡ್ರಿ. ಏನ್ ಆಗ್ಬೇಕಾಗಿತ್ತು?"

ಆ ದನಿ ಕೇಳಿ ಜಮಾದಾರ ನಕ್ಕುಬಿಟ್ಟ. ಸಾಹೇಬ ನಗಲಿಲ್ಲ, ಚಾಚಾನ ಕಡೆ ತಿರುಗಿದ. "ಸುಳ್ಳು ಹೇಳಿದಿರಿ ಅಂತ ಬರಕೊಳ್ತೇನೆ. ಆ ಹೆಂಗಸಿನ ಹೆಸರು ಹೇಳೋತನಕ ಠಾಣೆಯಲ್ಲಿರಿ."

ಚಾಚಿ ಹಿಂದೆ ತಿರುಗಿ ನನ್ನನ್ನು ಹಿತ್ತಿಲ ಬಾಗಿಲಿಗೆ ದೂಡಿದರು. "ಹೋಗು. ಹೋಗ್ ಬೇಟಿ!"

ಹೋದೆ. ಓಡಿದೆ. ಬೇವಿನ ಮರದ ಕೆಳಗೆ, ಗಟಾರ ದಾಟಿ, ಬಚ್ಚಲ ಸಂದಿಯಲ್ಲಿ. ಮನೆಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕುಳಿತೆ. ಅಣ್ಣ ಅಂದ, "ಇವತ್ತ ಜಾಜಿಬಾಯಿ ನಡುವ ನಿಂತ್ಳು. ಬ್ಯಾಟರಿ ಹೋತೇನೋ." ತಟ್ಟೆ ಎತ್ತಿಕೊಂಡು ಎದ್ದೆ.

೧೩ ಸೆಪ್ಟೆಂಬರ್, ಬೆಳಿಗ್ಗೆ

ಮಾಲಿಂಗಪ್ಪ ನಸುಕಿನಲ್ಲಿ ಬಾವಿಯ ಹತ್ತಿರ ಕಾದಿದ್ದ. ಬ್ಯಾಟರಿಯನ್ನೂ ಜಪ್ತಿ ಮಾಡಿದ್ದಾರೆ. ಬಸ್ಸಿನ ಮಾಲಕ ಅವನನ್ನು ಕೆಲಸದಿಂದ ನಿಲ್ಲಿಸಿದ್ದಾನೆ. ಅದನ್ನು ಅವನು ಹೇಳಿದ್ದು ಕಡೆಗೆ. ಮೊದಲು ಹೇಳಿದ್ದು ಚಾಚಾನ ಸುದ್ದಿ.

"ಚಾಚಾ ಬಾಯಿ ಬಿಟ್ಟಿಲ್ರಿ. ನಿಮ್ಮ ಮಾತು ಗುಪ್ತ ಸಂದೇಶ ಅಂತ ತಿಳದಾರ ಅವರು. ಸಂಪಿನವರಿಗೆ ಸುದ್ದಿ ಕೊಡ್ತಿದ್ರಂತ. ಇವತ್ತ ಬೆಳಗಾವಿಗೆ ಒಯ್ತಾರಂತ."

"ನಾ ಬರ್ತೇನಿ."

"ವಿಚಾರ ಮಾಡ್ರಿ ಅಕ್ಕಾರ."

ರಾತ್ರಿಯೆಲ್ಲ ಅದನ್ನೇ ಮಾಡಿದ್ದೆ.

ಅಣ್ಣ ಕನ್ನಡಿಯ ಮುಂದೆ ರುಮಾಲು ಸುತ್ತುತ್ತಿದ್ದ. ಹಿಂದೆ ನಿಂತು ಹೇಳಿದೆ. ಮುಖಕ್ಕೆ ಹೇಳಲು ಆಗಲಿಲ್ಲ.

"ಅಣ್ಣಾ. ಜಾಜಿಬಾಯಿ ನಾನ."

ರುಮಾಲಿನ ಸುತ್ತು ಅರ್ಧಕ್ಕೆ ನಿಂತಿತು. ಕನ್ನಡಿಯಲ್ಲಿ ನನ್ನನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಸುತ್ತು ಮುಗಿಸಿ, ಚಪ್ಪಲಿ ಮೆಟ್ಟಿ, ಅಂಗಡಿಯ ಕೀಲಿ ತೆಗೆದುಕೊಂಡು ಹೋದ. 

ವೈನಿ ಬಾಗಿಲಿಗೆ ಅಡ್ಡ ನಿಂತರು. "ರವಿವಾರ ಬರ್ತಾರ ಅವರು. ರವಿವಾರ ತನಕ ತಡಿ. ಆಮ್ಯಾಲ ನಾನ ನಿನ್ನ ಜೋಡಿ ಠಾಣೇಕ ಬರ್ತೇನಿ."

"ಅಲ್ಲೀತನ ಚಾಚಾ ಒಳಗ ಕುಂದರಬೇಕೇನು, ವೈನಿ? ನನ್ನ ಸಲುವಾಗಿ?"

"ನನ್ನ ಮಗಳು ಲಗ್ನ ಇಲ್ದ ಕುಂದರಬೇಕೇನು, ನಿನ್ನ ಸಲುವಾಗಿ?"

  ಅವರ ತೋಳಿನ ಕೆಳಗೆ ತಗ್ಗಿ ಹೊರಗೆ ಬಂದೆ.

ಅದೇ ದಿನ, ಮಧ್ಯಾಹ್ನ

ಠಾಣೆಗೆ ಚಾಚಿ ಜೊತೆಗೆ ಬಂದರು. ಮಾಲಿಂಗಪ್ಪ ಗ್ರಾಮಾಫೋನು ಹೊತ್ತ. ಚಾಚಾ ಮೂಲೆಯ ಮರದ ಬಾಕಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ತಲೆ ತಗ್ಗಿಸಿದರು, ಬೇಡ ಅನ್ನುವ ಹಾಗೆ.

ಸಾಹೇಬನ ಮುಂದೆ ನಿಂತು, "ಕೇಳ್ತಿರಾವ್ರಿಗೆಲ್ಲಾ ಶರಣು. ನಾನು ಜಾಜಿಬಾಯಿ," ಅಂದೆ.

ಜಮಾದಾರ ಎದ್ದು ನಿಂತ. "ಇದ ದನೀರಿ ಸಾಹೇಬ್ರ! ಇದ!"

ಸಾಹೇಬ ಕಾಗದ ತೆಗೆದ. ಯಾರೋ ಬರೆದು ಕಳಿಸಿದ್ದು. "ಒಬ್ಬಂವ ಮನಿ ಬಿಟ್ಟು ಹೊರಗ ಹೋಗ್ತಾನ. ಉಳದಾವ್ರು ಹಾದಿ ಕಾಯ್ತಾರ. ಕಡೀಕ ಎಲ್ಲಾರೂ ಕೂಡೇ ಮನಿಗೆ ಬರ್ತಾರ. — ಯಾರವನು? ಎಲ್ಲಿಗೆ ಹೋದ?"

"ಟ್ರಂಪೆಟ್ ರಿ."

"ಏನು?"

"ಹೊರಗ ಹೋಗಾಂವ ಟ್ರಂಪೆಟ್ ರಿ. ಹಾದಿ ಕಾಯಾವ್ರು ಪಿಯಾನೋ, ಡ್ರಮ್ಮು. ಕೇಳ್ರಿ ಬೇಕಾದ್ರ."

ಕೀಲಿ ಕೊಟ್ಟೆ. ಸೂಜಿ ಇಟ್ಟೆ. ಠಾಣೆಯಲ್ಲಿ ಜಾಜ್ ಎದ್ದಿತು. ನಾನು ಪಕ್ಕದಲ್ಲಿ ನಿಂತು ಹೇಳುತ್ತ ಹೋದೆ — ಈಗ ಹೊಸ್ತಿಲು ದಾಟಿದ, ಈಗ ಓಣಿ ತಿರುಗಿದ, ಈಗ ಯಾರ ಜೊತೆಗೋ ಜಗಳ ತೆಗೆದ, ಕೇಳಿ, ಮನೆಯವರು ಕರೆಯುತ್ತಿದ್ದಾರೆ... ಸಾಹೇಬ ಪೆನ್ಸಿಲ್ ಹಿಡಿದು ಕುಳಿತಿದ್ದವನು ಬರೆಯುವುದನ್ನು ಬಿಟ್ಟ. ಎಲ್ಲರೂ ಕೂಡಿ ಮನೆಗೆ ಬಂದ ಮೇಲೆ ಸೂಜಿ ಗರಗರ ಅಂತು. ಯಾರೂ ಎತ್ತಲಿಲ್ಲ.

"ಇಷ್ಟೇನಾ?" ಸಾಹೇಬ ಕೇಳಿದ.

"ಇಷ್ಟರಿ."

ಪೆನ್ಸಿಲ್ ಕೆಳಗಿಟ್ಟ. ಆಮೇಲೆ ಹೇಳಿದ: ಲೈಸೆನ್ಸ್ ಇಲ್ಲದೆ ಗಾಳಿಗೆ ಬಿಡುವುದು ಗುನ್ಹೆ. ಡಬ್ಬಿ ಜಪ್ತಿ. ಇನ್ನೊಮ್ಮೆ ಮಾಡಿದರೆ ಕೇಸು. ಬ್ಯಾಟರಿ ಒಯ್ಯಬಹುದು. ಮುದುಕ ಮನೆಗೆ ಹೋಗಬಹುದು. ಹೇಳಿದ್ದನ್ನೆಲ್ಲ ಬರೆದ ಜಬಾನಿಗೆ ಸಹಿ ಮಾಡಿ ಎಂದ. ಮಾಡಿದೆ. ಪೂರ್ಣ ಹೆಸರು.

ಹೊರಗೆ ಬಂದ ಮೇಲೆ ಚಾಚಾ ಅಂದರು, "ಸುಳ್ಳು ನಡೀತಿತ್ತು ಬಾಯಾರ. ಯಾಕ ಬಂದ್ರಿ?" ಚಾಚಿ ಅವರಿಗೆ ಬೈದರು, "ನನ್ನ ಸುಳ್ಳಿಗೇ ಜಮಾದಾರ ನಕ್ಕ. ನಿಮ್ದು ನಡೀತಿತ್ತಂತ!"

ಠಾಣೆಯ ಕಟ್ಟೆಯ ಹತ್ತಿರ ಮಂದಿ ನೆರೆದಿದ್ದರು. ಎಲ್ಲರ ಬಾಯಲ್ಲೂ ಅಣ್ಣನ ಹೆಸರು — ನೇಮಣ್ಣನ ತಂಗಿ, ನೇಮಣ್ಣನ ತಂಗಿ.

೧೫ ಸೆಪ್ಟೆಂಬರ್, ರವಿವಾರ

ಸುಂದ್ರಾ ಹಸಿರು ಸೀರೆ ಉಟ್ಟಿದ್ದಳು. ವೈನಿ ಶಿರಾ ಮಾಡಿದ್ದರು. ಹತ್ತಾಯಿತು, ಹನ್ನೆರಡಾಯಿತು. ಅಣ್ಣ ಬಾಗಿಲಲ್ಲಿ ನಿಂತ, ಒಳಗೆ ಬಂದ, ಮತ್ತೆ ನಿಂತ. ಮಧ್ಯಾಹ್ನ ಸಂಕೇಶ್ವರದಿಂದ ಒಬ್ಬ ಆಳು ಬಂದು ಹೇಳಿ ಹೋದ: ಈ ಸಲ ಬರುವುದಾಗುವುದಿಲ್ಲ.

ಯಾರೂ ನನಗೆ ಬೈಯಲಿಲ್ಲ. ಸುಂದ್ರಾ ಸೀರೆ ಬದಲಿಸಿ ಬಂದು ಶಿರಾದ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು. ನನ್ನ ಪಕ್ಕದಲ್ಲೇ ಹಾದು ಹೋದಳು, ಗೋಡೆಯ ಪಕ್ಕ ಹೋದ ಹಾಗೆ.

ಸಂಜೆ ನಾನೇ ಟ್ರಂಕು ತುಂಬಿದೆ.

೩ ಅಕ್ಟೋಬರ್, ಗುರುವಾರ. ಹುಕ್ಕೇರಿ

ಕಾಕಾನ — ಅಪ್ಪನ ತಮ್ಮನ — ಮನೆ. ತುಂಬಿದ ಸಂಸಾರ, ಅಂಗಳದ ತುಂಬ ಶೇಂಗಾ. ಅವ್ವ ಇಲ್ಲೇ ಇರುತ್ತಾಳೆ. ಕೆಲಸ ಸಾಕಷ್ಟಿದೆ. ಮಾಡುತ್ತೇನೆ. ಒಡೆಯುತ್ತೇನೆ, ಆರಿಸುತ್ತೇನೆ, ಕೇರುತ್ತೇನೆ. ಐದಾಗುತ್ತಲೇ ಮೊರ ಕೈಯಲ್ಲಿ ನಿಲ್ಲುತ್ತದೆ.

"ಯಾರ ಬರ್ತಾರಂತ ಬಾಗಲಾ ನೋಡಾಕತ್ತಿ?" ಅವ್ವ.

"ಯಾರೂ ಇಲ್ಲಬೇ."

ಗ್ರಾಮಾಫೋನು ಚಾಚಿಯ ಮನೆಯಲ್ಲೇ ಇದೆ. ತರಲಿಲ್ಲ. ತಂದಿದ್ದರೆ ಇಲ್ಲಿ ಯಾರಿಗೆ? ಸುಂದ್ರಾಳ ಮುಖ ಕಣ್ಣ ಮುಂದೆ ಬರುತ್ತದೆ. ಅದು ಹೋದರೆ ಬಾಕಿನ ಮೇಲೆ ಕುಳಿತ ಚಾಚಾ. ಒಂದು ತಪ್ಪಿಸಲು ಹೋದರೆ ಇನ್ನೊಂದು. ಎದ್ದು ಅಂಗಳ ಸುತ್ತುತ್ತೇನೆ.

೨೫ ಅಕ್ಟೋಬರ್. ದೀಪಾವಳಿ ಪಾಡ್ಯ

ಅಣ್ಣ ಬಂದ. ಒಬ್ಬನೇ. ಅವ್ವನಿಗೆ ಸೀರೆ, ನನಗೂ ಒಂದು. ಊಟವಾದ ಮೇಲೆ ಶೇಂಗಾದ ರಾಶಿಯ ಹತ್ತಿರ ಬಂದು ಕುಳಿತ. ಒಂದೊಂದೇ ಸುಲಿದ, ತಿನ್ನಲಿಲ್ಲ.

"ರೇಡಿಯೋ ಮಾರಬೇಕಂತ ಮಾಡೇನಿ."

"ಯಾಕಣ್ಣಾ?"

"ಗುರುವಾರ ಐದಕ್ಕ ಹಚ್ತೇನಿ. ಬರೇ ಗರಗರ ಅಂತೈತಿ. ನಿಮ್ಮ ವೈನಿ ಬಂದು ಬಂದ್ ಮಾಡ್ತಾಳ. ಮುಂದಿನ ಗುರುವಾರ ಮತ್ತ ಹಚ್ತೇನಿ."

ನಾನು ಮೊರ ಕೆಳಗಿಟ್ಟೆ.

"ಸಿಟ್ಟು ಹೋಗಿಲ್ಲ ನಂದು," ಅಂದ.

"ಗೊತ್ತೈತಿ."

"ಏನ ಗೊತ್ತೈತಿ? ನೀ ಮಾತಾಡಿದ್ದಕ್ಕಲ್ಲ. ನನಗ ಹೇಳಲಿಲ್ಲ ನೀ. ಜಾಜಿಬಾಯಿ ಮುಂಬೈದಾಕಿ ಅಂತ ಊರ ತುಂಬ ಹೇಳ್ಕೋತ ತಿರಗಿದೆ ನಾನು. ಮಂದಿ ಈಗ ಅದನ್ನ ಹೇಳಿ ನಗತಾರ. ಬಾಜೂಕ ಕುಂತು ಉಂಡಾಕಿನ್ನ ದನಿಲೆ ಹಿಡೀಲಿಲ್ಲ ನಾನು..."

 ಕೈಯಲ್ಲಿದ್ದ ಕಾಳನ್ನೆಲ್ಲ ನನ್ನ ಮೊರಕ್ಕೆ ಸುರಿದು ಎದ್ದು ಹೋದ.

ಅವನು ಊರಿಗೆ ಹೊರಟಾಗ ಕೇಳಿದೆ, ಸುಂದ್ರಾ? ಯಮಕನಮರಡಿಯಿಂದ ಒಂದು ಸಂಬಂಧದ ಮಾತು ಬಂದಿದೆ, ನೋಡಬೇಕು, ಅಂದ. ನಿನ್ನ ಹೆಸರು ತೆಗೆಯುವುದಿಲ್ಲ ಅವಳು, ಅಂದ.

೧೦ ನವೆಂಬರ್, ರವಿವಾರ

ಮಾಲಿಂಗಪ್ಪ ಬಂದಿದ್ದ! ಬೇರೆ ಮಾಲಕನ ಬಸ್ಸು, ಹುಕ್ಕೇರಿಯ ಹಾದಿ. ಕಾಕಾನ ಮುಂದೆ, ಅವ್ವನ ಮುಂದೆ, ಅಂಗಳದಲ್ಲೇ ನಿಂತು ಹೇಳಿದ. ಗುಟ್ಟು ಸಾಕಂತೆ.

"ಡಬ್ಬಿ ಹೋತ್ರಿ ಅಕ್ಕಾರ. ಲೈಸೆನ್ಸಿಗೆ ಬರದೇವಿ, ಅದು ಯಾವಾಗ ಬರ್ತೈತೋ. ಆದ್ರ ತಂತಿ ಎಳ್ಯಾಕ ಲೈಸೆನ್ಸ್ ಬ್ಯಾಡಂತ. ಮೂಡಲಗ್ಯಾಗ ನಮ್ಮ ಮನ್ಯಾಗ ಮೈಕು, ಅಲ್ಲಿಂದ ಚಾವಡಿ ತನಕ, ಚಹಾದಂಗಡಿ ತನಕ, ಬಾವೀ ಕಟ್ಟಿ ತನಕ ತಂತಿ. ಮೂರ ಕಡೆ ಹಾರ್ನ್. ಚಾಚಾ ಆಗಲೇ ಬಂದು ಕಂಬ ಹತ್ಯಾರ. ಊರ ಹಿರೇರು ಹೂಂ ಅಂದಾರ. ಬರೇ ನೀವು ಬರಬೇಕು."

ಕಾಕಾ ಮೀಸೆ ತಿರುವಿದರು. ಅವ್ವ ಕೇಳಿದಳು, "ಮಂದಿಗೆಲ್ಲಾ ಕೇಳುವಂಗ ಮಾತಾಡಾಕೇನ?"

"ಹೂಂಬೇ."

"ಹಂಗಾರ ಆ ಹರಕ ಸೀರಿ ಉಟಗೊಂಡ ಹೋಗಬ್ಯಾಡ."

೧೭ ನವೆಂಬರ್, ರವಿವಾರ. ಮೂಡಲಗಿ

ಮಾಲಿಂಗಪ್ಪನ ಮನೆಯ ಪಡಸಾಲೆ. ಮೈಕಿನ ಮುಂದೆ ಕುಳಿತೇ ಬರೆಯುತ್ತಿದ್ದೇನೆ. ಇನ್ನೂ ಸ್ವಲ್ಪ ಹೊತ್ತಿದೆ. ಚಾಚಾ ತಂತಿಯ ತುದಿ ಕೆರೆಯುತ್ತಿದ್ದಾರೆ. ಕ್ಲಾರ್ನೆಟ್ ತಂದಿದ್ದಾರೆ, ಚಾಚಿಯೂ ಬಂದಿದ್ದಾರೆ, ಒಳಗೆ ಮಾಲಿಂಗಪ್ಪನ ಹೆಂಡತಿಯ ಜೊತೆ ಆಗಲೇ ದೊಡ್ಡ ಮಾತು. ಕಿಟಕಿಯಿಂದ ಓಣಿ ಕಾಣುತ್ತದೆ. ಹಾರ್ನ್ ಇರುವ ಕಡೆ ಹೋಗುವುದು ಬಿಟ್ಟು ಜನ ಇಲ್ಲಿಗೇ ಬರುತ್ತಿದ್ದಾರೆ. ಜಾಜಿಬಾಯಿ ಹೇಗಿದ್ದಾಳೆ ನೋಡಬೇಕಂತೆ. ಕಿಟಕಿ ಮುಚ್ಚಲೇ ಎಂದು ಮಾಲಿಂಗಪ್ಪ ಕೇಳಿದ. ಬೇಡ ಅಂದೆ. ಅಂದ ಮೇಲೆ ಸೆರಗು ಸರಿಮಾಡಿಕೊಂಡೆ.

ವೈನಿ ಬಂದಿಲ್ಲ. ಬರುವುದಿಲ್ಲ. ಸುಂದ್ರಾ ಕೂಡ.

ಕಾಲು ನಿಲ್ಲುತ್ತಿಲ್ಲ. ನಿಲ್ಲದಿರಲಿ.

ಓಣಿಯ ತುದಿಯಲ್ಲಿ ಒಂದು ರುಮಾಲು... ಗೋಕಾಕದ ಬಸ್ಸಿನಿಂದ ಇಳಿದವರ ಹಿಂದೆ. ಅಣ್ಣ! ಅತ್ತ ಇತ್ತ ನೋಡುತ್ತಿದ್ದಾನೆ. ಯಾರನ್ನೋ ದಾರಿ ಕೇಳಿದ. ಅವರು ಇತ್ತ ಕೈ ತೋರಿಸಿದರು. ಬರುತ್ತಿಲ್ಲ. ಬಾವಿಯ ಕಟ್ಟೆಗೆ ಹೋಗಿ, ಹಾರ್ನಿನ ಕೆಳಗೆ, ಚಪ್ಪಲಿ ಬಿಟ್ಟು ಕುಳಿತ.

ಚಾಚಾ ಕೈ ಎತ್ತಿದರು. ಮಾಲಿಂಗಪ್ಪ ಸೂಜಿ ಹಿಡಿದು ನಿಂತಿದ್ದಾನೆ. ಮೊದಲು ನಾನು ಹೇಳಬೇಕು, ಆಮೇಲೆ ಹಾಡು. ಏನು ಹೇಳಲಿ? ಶರಣು ಅನ್ನುತ್ತೇನೆ. ನಾನು ಹುಕ್ಕೇರಿಯ ಪಾಯಪ್ಪನ ಮಗಳು, ಗೋಕಾಕದ ನೇಮಣ್ಣನ ತಂಗಿ, ನನ್ನ ಹೆಸರು —